ಫುಕುಶಿಮಾ ಅಪಘಾತ ಪ್ರದೇಶಕ್ಕೆ ಖಾಸಗಿ ಮಾರ್ಗದರ್ಶಿಯೊಡನೆ ಭೇಟಿ: ವಿಕಿರಣ ಸುರಕ್ಷಾ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಟೋಕಿಯೋದಲ್ಲಿ ನೆಲೆಸಿರುವ ಸದಸ್ಯರು): ಚೆರ್ನೋಬಿಲ್ ನೋಡಬೇಕೆಂಬ ಬಹುದಿನದ ಆಸೆ ಈಡೇರುವಂತೆ ಕಾಣುತ್ತಿಲ್ಲವಾದ್ದರಿಂದ, ಊರಿನಿಂದ ತಂದೆತಾಯಿ ಬಂದಾಗ ಫುಕುಶಿಮಾಗೆ ಒಂದು ದಿನದ ಮಟ್ಟಿಗೆ ಹೋಗಿಬರಲು ಯೋಚಿಸಿದ್ದೇನೆ. ಜೊತೆಗೆ ಹತ್ತು ವರ್ಷದ ಮಗಳೂ ಇರುತ್ತಾಳೆ. ಖಾಸಗಿ ಮಾರ್ಗದರ್ಶಿಯೊಬ್ಬರು ತಮ್ಮ ಕಾರಿನಲ್ಲೇ ಕರೆದೊಯ್ದು, ‘ಸಾಮಾನ್ಯರಿಗೆ ಪ್ರವೇಶವಿಲ್ಲದ ಜಾಗ’ವನ್ನೂ ತೋರಿಸುವುದಾಗಿ ಹೇಳುತ್ತಿದ್ದಾರೆ. ನಮಗೆ ತಗಲುವ ವಿಕಿರಣ ಎಷ್ಟು? ಮಗುವನ್ನು ಕರೆದೊಯ್ಯಬಹುದೇ?

ಉತ್ತರ: ಚೆರ್ನೋಬಿಲ್ ವಲಯವು 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದಂದಿನಿಂದ ಪ್ರವಾಸಿಗರಿಗೆ ಮುಚ್ಚಿದೆ, ಆ ಮಾತು ಅಲ್ಲಿಗೆ ಬಿಡೋಣ. ಎರಡು ಅಪಘಾತಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಚೆರ್ನೋಬಿಲ್‌ನಲ್ಲಿ ರಿಯಾಕ್ಟರಿನ ಒಡಲೇ ಸ್ಫೋಟಗೊಂಡು ಇಂಧನದ ಕಣಗಳು ಸುತ್ತಲಿನ ನೆಲಕ್ಕೆ ಎರಚಿದವು. ಫುಕುಶಿಮಾದಲ್ಲಿ, 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ವಿದ್ಯುತ್ ಕಡಿದು, ತಂಪುಗೊಳಿಸುವ ವ್ಯವಸ್ಥೆ ನಿಂತು, ಮೂರು ಘಟಕಗಳ ಇಂಧನ ಕರಗಿತಾದರೂ ಹೊರಗೆ ಬಂದದ್ದು ಬಹುಪಾಲು ಸುಲಭವಾಗಿ ಆವಿಯಾಗುವ ಅಯೋಡಿನ್ ಮತ್ತು ಸೀಸಿಯಂ. ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಕೇವಲ 8 ದಿನ. ಅದು ಆ ವರ್ಷವೇ ಮುಗಿದುಹೋಯಿತು. ಸುಮಾರು 2 ವರ್ಷದ ಅರ್ಧಾಯುಷ್ಯದ ಸೀಸಿಯಂ-134 ಈಗ ಲೆಕ್ಕಕ್ಕೆ ಬಾರದಷ್ಟು ಇಳಿದಿದೆ. ಇಂದು ವಿಕಿರಣ ಅಳೆಯುವ ಮೀಟರಿನಲ್ಲಿ ಕಾಣುವುದು ನೈಸರ್ಗಿಕ ವಿಕಿರಣವನ್ನು ಬಿಟ್ಟರೆ ಬಹುತೇಕ 30 ವರ್ಷದ ಅರ್ಧಾಯುಷ್ಯದ ಸೀಸಿಯಂ-137 ಒಂದೇ.

ಇನ್ನು ಪ್ರಮಾಣದ ವಿಷಯ. ದೇಹಕ್ಕೆ ತಗಲುವ ವಿಕಿರಣವನ್ನು ಸೀವರ್ಟ್ ಎಂಬ ಏಕಮಾನದಲ್ಲಿ ಅಳೆಯುತ್ತೇವೆ, ಅದರ ಹತ್ತು ಲಕ್ಷದ ಒಂದು ಪಾಲು ಮೈಕ್ರೋಸೀವರ್ಟ್. ಶುದ್ಧೀಕರಿಸಿ ಜನವಸತಿಗೆ ತೆರೆದಿರುವ ಫುತಾಬಾ, ಓಕುಮಾ, ತೊಮಿಯೋಕಾ, ನಾಮಿಯೆ ಪಟ್ಟಣಗಳ ನಿಲ್ದಾಣ ಮತ್ತು ಬೀದಿಗಳಲ್ಲಿ ಗಂಟೆಗೆ 0.1ರಿಂದ 0.3 ಮೈಕ್ರೋಸೀವರ್ಟ್‌ನ ಆಸುಪಾಸಿನ ಮಟ್ಟ ಸಾಮಾನ್ಯ. ಆರನೇ ರಾಷ್ಟ್ರೀಯ ಹೆದ್ದಾರಿಯು ಸ್ಥಾವರದ ಸಮೀಪ ಹಾದುಹೋಗುವ ಕೆಲವು ತುಂಡುಗಳಲ್ಲಿ ಅದು 1ನ್ನು ದಾಟಬಹುದು, ಆದರೆ ಕಾರು ಅವನ್ನು ನಿಮಿಷಗಳಲ್ಲಿ ದಾಟಿಬಿಡುತ್ತದೆ. ಇಡೀ ದಿನ ಸುತ್ತಿದರೂ ಒಟ್ಟು ಕೆಲವೇ ಮೈಕ್ರೋಸೀವರ್ಟ್ ಆಗುತ್ತದೆ. ನಿಮ್ಮ ತಂದೆತಾಯಿ ಬೆಂಗಳೂರಿನಿಂದ ಟೋಕಿಯೋಗೆ ಹಾರುವಾಗ, ಆ ಎತ್ತರದಲ್ಲಿ ಗಂಟೆಗೆ ಸುಮಾರು 2ರಿಂದ 5 ಮೈಕ್ರೋಸೀವರ್ಟ್ ಬ್ರಹ್ಮಾಂಡ ಕಿರಣಗಳಿಂದಲೇ ಬರುವುದರಿಂದ, ಈ ಭೇಟಿಗಿಂತ ಹೆಚ್ಚನ್ನು ಅವರು ವಿಮಾನದಲ್ಲಿಯೇ ಪಡೆದಿರುತ್ತಾರೆ. ಭಾರತದಲ್ಲಿ ಸಾರ್ವಜನಿಕರಿಗೆ ನಿಗದಿಯಾದ ವಾರ್ಷಿಕ ಮಿತಿ 1 ಮಿಲಿಸೀವರ್ಟ್, ಅಂದರೆ 1000 ಮೈಕ್ರೋಸೀವರ್ಟ್. ಮಗಳನ್ನು ಧಾರಾಳವಾಗಿ ಕರೆದೊಯ್ಯಬಹುದು. ಶುದ್ಧೀಕರಣವಾಗದ ಕಾಡಿನ ಅಂಚು, ಚರಂಡಿ, ಸೂರಿನ ನೀರು ಬೀಳುವ ಜಾಗದ ಮಣ್ಣಿನಲ್ಲಿ ಆಡದಂತೆ ನೋಡಿಕೊಂಡರೆ ಸಾಕು. ಸೀಸಿಯಂ ಜೇಡಿಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುವ ಕಾರಣ, ಮಳೆನೀರು ಹೂಳನ್ನು ತಂದು ಹಾಕುವ ಜಾಗಗಳಲ್ಲಿ ಅದು ಗುಡ್ಡೆಯಾಗುತ್ತದೆ.

ನನಗೆ ತೊಡಕಾಗಿ ಕಂಡದ್ದು ವಿಕಿರಣವಲ್ಲ, ಆ ಮಾರ್ಗದರ್ಶಿಯ ಮಾತು. ಇನ್ನೂ ತೆರೆಯದ ‘ಮರಳಲು ಕಷ್ಟವಾದ ವಲಯ’ಕ್ಕೆ ಆಯಾ ಪುರಸಭೆಯ ಅನುಮತಿ ಇಲ್ಲದೆ ಯಾರೂ ಹೋಗುವಂತಿಲ್ಲ, ಆ ಅನುಮತಿ ಮನೆಯ ಒಡೆಯರಿಗೆ ಮತ್ತು ಅಲ್ಲಿ ನಿಜವಾದ ಕೆಲಸವಿರುವವರಿಗೇ ಹೊರತು ನೋಡಲು ಬಂದವರಿಗಲ್ಲ. ಗೇಟು ದಾಟಿಸುತ್ತೇನೆ ಎನ್ನುವವರನ್ನು ಅಲ್ಲಿಯೇ ಕೈಬಿಡಿ. ಎರಡನೆಯದಾಗಿ, ಜಪಾನಿನಲ್ಲಿ ಹಣ ಪಡೆದು ಜನರನ್ನು ಸಾಗಿಸುವ ವಾಹನಕ್ಕೆ ಹಸಿರು ನಂಬರ್ ಪ್ಲೇಟ್ ಇರಬೇಕು. ಪರವಾನಗಿಯಿಲ್ಲದೆ ಬಿಳಿ ಪ್ಲೇಟಿನ ಸ್ವಂತ ಕಾರಿನಲ್ಲಿ ಬಾಡಿಗೆಗೆ ಕರೆದೊಯ್ಯುವುದು ಕಾನೂನುಬಾಹಿರ, ಅಪಘಾತವಾದರೆ ವಿಮೆಯ ಪ್ರಶ್ನೆಯೂ ಏಳುತ್ತದೆ. ಒಳ್ಳೆಯ ಮಾರ್ಗದರ್ಶಿಗಳು ನಿಲ್ದಾಣದಲ್ಲಿ ಭೇಟಿಯಾಗಿ ಟ್ಯಾಕ್ಸಿಯನ್ನೋ ಪರವಾನಗಿಯ ವಾಹನವನ್ನೋ ಗೊತ್ತುಮಾಡುತ್ತಾರೆ. ಟೋಕಿಯೋದ ಉಯೆನೊ ನಿಲ್ದಾಣದ ಮೂಲಕ ಸಾಗುವ ಹಿತಾಚಿ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಕೆಲವು ಜೊಬಾನ್ ಮಾರ್ಗದಲ್ಲಿ ನೇರವಾಗಿ ಫುತಾಬಾಗೇ ಹೋಗುತ್ತವೆ. ಅಪಘಾತದಿಂದ ಕಡಿದಿದ್ದ ಆ ಮಾರ್ಗ 2020ರ ಮಾರ್ಚ್‌ನಲ್ಲಿ ಪೂರ್ತಿಯಾಗಿ ಮತ್ತೆ ತೆರೆಯಿತು.

ಪ್ರಶ್ನೆ (ಮಂಗಳೂರಿನ ಸದಸ್ಯರು): ಆನ್‌ಲೈನಿನಲ್ಲಿ ಸಿಗುವ ಅಗ್ಗದ ಗೈಗರ್ ಕೌಂಟರ್ (ವಿಕಿರಣ ಅಳೆಯುವ ಕೈ ಉಪಕರಣ) ಕೊಂಡುಹೋದರೆ ಉಪಯೋಗವಿದೆಯೇ?

ಉತ್ತರ: ಕುತೂಹಲಕ್ಕೆ ಕೊಂಡುಹೋಗಿ, ಆದರೆ ಅದರ ಅಂಕಿಯನ್ನು ಹೇಗೆ ಓದಬೇಕೆಂದು ಮೊದಲೇ ತಿಳಿದುಕೊಳ್ಳಿ. ಚಿಕ್ಕ ನಳಿಕೆಯ ಕೌಂಟರ್ ಕಡಿಮೆ ಮಟ್ಟದಲ್ಲಿ ನಿಮಿಷಕ್ಕೆ ಕೆಲವೇ ಕಣಗಳನ್ನು ಎಣಿಸುವುದರಿಂದ, ಒಂದು ಕ್ಷಣ 0.08 ಎಂದದ್ದು ಮರುಕ್ಷಣ 0.25 ಎನ್ನಬಹುದು, ಅದು ನೆಲದಲ್ಲಿ ಆದ ಬದಲಾವಣೆಯಲ್ಲ, ಎಣಿಕೆಯ ಏರಿಳಿತ. ಒಂದೇ ಕಡೆ ನಿಂತು, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿದು, ಕೆಲವು ನಿಮಿಷಗಳ ಸರಾಸರಿ ತೆಗೆದುಕೊಳ್ಳಬೇಕು. ಪಟ್ಟಣಗಳಲ್ಲಿ ಅಲ್ಲಲ್ಲಿ ಸೌರಫಲಕದ ಸಾರ್ವಜನಿಕ ಮಾಪಕಗಳಿವೆ. ಅವುಗಳ ಪಕ್ಕದಲ್ಲಿ ನಿಂತು ಹೋಲಿಸಿದರೆ ನಿಮ್ಮ ಉಪಕರಣ ಎಷ್ಟು ನಂಬಿಕೆಗೆ ಅರ್ಹ ಎಂದು ತಿಳಿಯುತ್ತದೆ. ಹೊರಡುವ ಮೊದಲು ನಿಮ್ಮೂರಲ್ಲೇ ಅಭ್ಯಾಸ ಮಾಡಿ. ಉಳ್ಳಾಲದ ಕಡಲತೀರದ ಮರಳಿನಲ್ಲಿ ಅಲ್ಲಲ್ಲಿ ವಿಕಿರಣ ಸೂಸುವ ಥೋರಿಯಂ ಹೊತ್ತ ಮೊನಜೈಟ್ ಎಂಬ ಖನಿಜ ಇರುವುದರಿಂದ, ಅಲ್ಲಿ ಕಾಣುವ ಅಂಕಿ ಫುತಾಬಾ ನಿಲ್ದಾಣದ ಅಂಕಿಗಿಂತ ಹೆಚ್ಚಿದ್ದರೆ ಆಶ್ಚರ್ಯಪಡಬೇಡಿ.

ಜಪಾನಿನ ಫಲಕಗಳಲ್ಲಿ ಪದೇಪದೇ ಎದುರಾಗುವ 0.23 ಮತ್ತು 3.8 ಎಂಬ ಅಂಕಿಗಳ ಹಿನ್ನೆಲೆಯನ್ನೂ ಹೇಳಿಬಿಡುತ್ತೇನೆ. ದಿನಕ್ಕೆ 8 ಗಂಟೆ ಹೊರಗೆ, 16 ಗಂಟೆ ಮರದ ಮನೆಯೊಳಗೆ ಇರುವ ನಿವಾಸಿಯ ಲೆಕ್ಕದಲ್ಲಿ, ಗಂಟೆಗೆ 0.23 ಮೈಕ್ರೋಸೀವರ್ಟ್ ಎಂದರೆ ನೈಸರ್ಗಿಕ ಮಟ್ಟದ ಮೇಲೆ ವರ್ಷಕ್ಕೆ 1 ಮಿಲಿಸೀವರ್ಟ್, 3.8 ಎಂದರೆ 20 ಮಿಲಿಸೀವರ್ಟ್. ಅಪಘಾತದ ನಂತರ ಜನರನ್ನು ಊರು ಬಿಡಿಸಿದ ತೆರವಿನ ಆದೇಶವನ್ನು ಹಿಂಪಡೆಯಲು ಸರ್ಕಾರ ಇಟ್ಟ ಮಾನದಂಡಗಳಲ್ಲಿ ಈ 20 ಒಂದು. ಇದು ವಿಕಿರಣ ಕ್ಷೇತ್ರದ ಕೆಲಸಗಾರರಿಗೆ ನಾವು ಸರಾಸರಿಯಾಗಿ ಪಾಲಿಸುವ ಮಿತಿಗೆ ಸಮನಾದ್ದರಿಂದ, ಮಕ್ಕಳಿರುವ ಊರಿಗೆ ಅದೇ ಅಂಕಿಯೇ ಎಂದು ಅಲ್ಲಿನ ಜನ ಸಿಟ್ಟಾದದ್ದರಲ್ಲಿ ನನಗೆ ನ್ಯಾಯ ಕಾಣುತ್ತದೆ. ಆದರೆ ಅದು ವರ್ಷವಿಡೀ ಬದುಕುವವರ ಪ್ರಶ್ನೆ. ಒಂದು ದಿನದ ಅತಿಥಿಯದ್ದಲ್ಲ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ಜನರ ದುಃಖವನ್ನು ದುಡ್ಡು ಕೊಟ್ಟು ನೋಡಲು ಹೋಗುವುದು ಸರಿಯೇ? ಪಾಳುಬಿದ್ದ ಮನೆಗಳ ಫೋಟೋಗಳನ್ನು ನೋಡಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಉತ್ತರ: ಇದು ನನ್ನ ವೃತ್ತಿಯ ವ್ಯಾಪ್ತಿಯನ್ನು ಮೀರಿದ ಪ್ರಶ್ನೆ, ಆದರೂ ವೃತ್ತಿಗೆ ಸಂಬಂಧಿಸಿದ ಒಂದು ಸಂಗತಿ ಇದರಲ್ಲಿದೆ. ಫುಕುಶಿಮಾ ಪ್ರಾಂತದಲ್ಲಿ ಭೂಕಂಪ ಮತ್ತು ಸುನಾಮಿಗೆ ನೇರವಾಗಿ ಬಲಿಯಾದವರು ಸುಮಾರು 1600 ಮಂದಿ; ತೆರವು, ಅಲೆದಾಟ, ತಪ್ಪಿದ ಚಿಕಿತ್ಸೆ, ಒಂಟಿತನಗಳಿಂದ ನಂತರ ಸತ್ತವರೆಂದು ಅಧಿಕೃತವಾಗಿ ಗುರುತಿಸಲ್ಪಟ್ಟವರು 2300ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ವೃದ್ಧರು. ಮೀಟರಿನ ಅಂಕಿಯನ್ನಷ್ಟೇ ತೋರಿಸಿ ಕಳುಹಿಸುವ ಮಾರ್ಗದರ್ಶಿ ಈ ಅಪಘಾತದ ದೊಡ್ಡ ಭಾಗವನ್ನೇ ಬಿಟ್ಟಂತಾಗುತ್ತದೆ. ಆದ್ದರಿಂದ ಆ ಊರಿನವರೇ ಆಗಿರುವ, ಅಥವಾ ಅಲ್ಲಿಗೆ ಮರಳಿದ ನಿವಾಸಿಯೊಬ್ಬರೊಡನೆ ಒಂದು ಗಂಟೆ ಕೂರಿಸುವ ಮಾರ್ಗದರ್ಶಿಯನ್ನು ಹುಡುಕಿ, ಅದಕ್ಕೆ ಹೆಚ್ಚು ಹಣವಾದರೂ ಕೊಡಿ ಎನ್ನುತ್ತೇನೆ.

ಪಾಳುಮನೆಗಳು ಯಾರದೋ ಖಾಸಗಿ ಸ್ವತ್ತು. ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡಬಾರದು. ನಾಮಫಲಕ ಕಾಣುವಂತೆ ಚಿತ್ರ ತೆಗೆಯಬಾರದು. ಅಲ್ಲದೆ ‘ಭೂತನಗರ’ವನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆಯೇ ಆದೀತು, ಏಕೆಂದರೆ ಹಳೆಯ ಕಟ್ಟಡಗಳನ್ನು ಒಂದೊಂದಾಗಿ ಕೆಡವಲಾಗುತ್ತಿದ್ದು ಅನೇಕ ಕಡೆ ಈಗ ಉಳಿದಿರುವುದು ಬಯಲು ಮಾತ್ರ. ಸಂದರ್ಶಕರಿಗೆಂದೇ ತೆರೆದಿರುವ ಜಾಗಗಳು ಬೇಕಷ್ಟಿವೆ. ನಾಮಿಯೆಯ ಉಕೆದೊ ಪ್ರಾಥಮಿಕ ಶಾಲೆ ಕಡಲಿನಿಂದ ಸುಮಾರು 300 ಮೀಟರ್ ದೂರದಲ್ಲಿದೆ. ಅಂದು ಶಾಲೆಯಲ್ಲಿದ್ದ ಮಕ್ಕಳೆಲ್ಲ ಶಿಕ್ಷಕರೊಂದಿಗೆ ಗುಡ್ಡದ ಕಡೆಗೆ ನಡೆದು ಬದುಕುಳಿದರು, ಸುನಾಮಿ ನುಗ್ಗಿದ ಕಟ್ಟಡವನ್ನು ಹಾಗೆಯೇ ಉಳಿಸಿ 2021ರಲ್ಲಿ ತೆರೆದಿದ್ದಾರೆ. ಫುತಾಬಾದಲ್ಲಿ 2020ರಲ್ಲಿ ಆರಂಭವಾದ ದುರಂತ ಸ್ಮಾರಕ ವಸ್ತುಸಂಗ್ರಹಾಲಯವಿದೆ. ತೊಮಿಯೋಕಾದಲ್ಲಿ ಸ್ಥಾವರದ ಒಡೆತನದ ಕಂಪನಿಯಾದ ಟೆಪ್ಕೊ ನಡೆಸುವ ಮಾಹಿತಿ ಕೇಂದ್ರವಿದೆ. ಮೂರನ್ನೂ ನೋಡಿ, ಒಂದೇ ಘಟನೆಯನ್ನು ಊರಿನವರು, ಪ್ರಾಂತ್ಯ ಸರ್ಕಾರ ಮತ್ತು ಕಂಪನಿ ಹೇಗೆ ಬೇರೆಬೇರೆಯಾಗಿ ಹೇಳುತ್ತಾರೆಂದು ಗಮನಿಸಿ.

ಪ್ರಶ್ನೆ (ಮೊದಲ ಸದಸ್ಯರು): ಧನ್ಯವಾದಗಳು. ಆ ಮಾರ್ಗದರ್ಶಿಯನ್ನು ಬಿಟ್ಟು ಬೇರೊಬ್ಬರನ್ನು ಸಂಪರ್ಕಿಸುತ್ತೇನೆ. ಊಟದ ಬಗ್ಗೆ ಏನಾದರೂ ಎಚ್ಚರಿಕೆ ಬೇಕೇ? ಮರಳಿದ ಮೇಲೆ ಬಟ್ಟೆಗಳನ್ನು ಎಸೆಯಬೇಕೇ?

ಉತ್ತರ: ಅಂಗಡಿ ಮತ್ತು ಹೋಟೆಲುಗಳ ಆಹಾರವನ್ನು ನಿಶ್ಚಿಂತೆಯಿಂದ ತಿನ್ನಬಹುದು. ಜಪಾನ್ 2012ರಿಂದ ಸಾಮಾನ್ಯ ಆಹಾರದಲ್ಲಿ ಸೀಸಿಯಂಗೆ ಕಿಲೋಗೆ 100 ಬೆಕೆರೆಲ್ (ವಸ್ತುವೊಂದರ ವಿಕಿರಣಶೀಲತೆಯ ಏಕಮಾನ) ಎಂಬ ಬಿಗಿ ಮಿತಿಯನ್ನಿಟ್ಟು ಪರೀಕ್ಷಿಸುತ್ತ ಬಂದಿದೆ. ಮಿತಿ ಮೀರುವುದು ಹೆಚ್ಚಾಗಿ ಕಾಡಿನ ಅಣಬೆ, ಕಾಡುಸೊಪ್ಪು ಮತ್ತು ಕಾಡುಹಂದಿಯ ಮಾಂಸ. ದಾರಿಬದಿಯಲ್ಲಿ ಏನನ್ನೂ ಕಿತ್ತು ತಿನ್ನಬೇಡಿ, ಪರಿಚಯದವರು ಪ್ರೀತಿಯಿಂದ ಕೊಟ್ಟರೂ ಎಲ್ಲಿ ಬೆಳೆದದ್ದೆಂದು ಕೇಳಿ. ಬಟ್ಟೆ ಎಸೆಯುವ ಅಗತ್ಯವಿಲ್ಲ. ಬೂಟಿನ ಅಡಿಯ ಮಣ್ಣನ್ನು ರೈಲು ಹತ್ತುವ ಮೊದಲೇ ಕೊಡವಿ, ಊಟಕ್ಕೆ ಮೊದಲು ಕೈ ತೊಳೆಯಿರಿ. ತಂದೆತಾಯಿಯ ಮಾತ್ರೆಗಳನ್ನು ಮರೆಯದೆ ಇಟ್ಟುಕೊಳ್ಳಿ; ಆ ಭಾಗದಲ್ಲಿ ಔಷಧದಂಗಡಿಗಳು ಇನ್ನೂ ವಿರಳ, ಮಧ್ಯಾಹ್ನದ ಮೇಲೆ ಟೋಕಿಯೋ ಕಡೆಗಿನ ಎಕ್ಸ್‌ಪ್ರೆಸ್ ರೈಲುಗಳೂ ಕಡಿಮೆ, ಹಿಂತಿರುಗುವ ಟಿಕೆಟನ್ನು ಮೊದಲೇ ಕಾಯ್ದಿರಿಸಿ.