ಸಹಾಯ ಬೇಕು: ಎರಡು ಕರ್ನಲ್ ಆವೃತ್ತಿಗಳಿಗೆ ಒಂದೇ ಡೀಬಗ್ ಕಡತ ಸಾಕೇ?

ನಮಸ್ಕಾರ. ಲಿನಕ್ಸ್ ಕರ್ನಲ್‌ನ 5.10 ಮತ್ತು 6.1 ಎರಡರಲ್ಲೂ ಒಂದು ಡ್ರೈವರ್ ನೋಡಿಕೊಳ್ಳುತ್ತಿದ್ದೇನೆ. ಡೀಬಗ್ (ದೋಷ ಹುಡುಕುವ) ಆಯ್ಕೆಗಳು, ಕರ್ನಲ್ ಬಿಲ್ಡ್‌ನ ಆಯ್ಕೆಗಳೆಲ್ಲ ಇರುವ ಡಾಟ್ ಕಾನ್ಫಿಗ್ ಕಡತದ ತುಂಬೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಬೇಸತ್ತು ಮೂರು ಚಿಕ್ಕ ಕಡತಗಳಾಗಿ ಬೇರ್ಪಡಿಸಿದೆ: ದಿನನಿತ್ಯದ್ದು ಒಂದು, ಮೆಮೊರಿ ತಪ್ಪು ಹಿಡಿಯುವ ಕೇಸಾನ್‌ಗೆ ಒಂದು, ಡೇಟಾ ರೇಸ್ (ಒಂದೇ ಡೇಟಾಗೆ ಏಕಕಾಲಕ್ಕೆ ಹಲವೆಡೆಯಿಂದ ಕೈ ಹಾಕುವ ತಪ್ಪು) ಹುಡುಕುವ ಕೆಸಿಸಾನ್‌ಗೆ ಇನ್ನೊಂದು. ಕೊನೆಯ ಎರಡರದ್ದು ಎಣ್ಣೆ-ಸೀಗೆಕಾಯಿ ಸಂಬಂಧ, ಒಂದಿದ್ದರೆ ಇನ್ನೊಂದು ಬರುವುದಿಲ್ಲ. ಅಲ್ಲಿಯವರೆಗೆ ಸರಿ.

ತಲೆ ಕೆಡಿಸಿದ್ದು ಮೊದಲನೆಯ ಕಡತ. ಅದರಲ್ಲಿ ಡೀಬಗ್ ಮಾಹಿತಿ ಸೇರಿಸಲು ಹೇಳುವ ‘ಕಾನ್ಫಿಗ್_ಡೀಬಗ್_ಇನ್ಫೋ=ವೈ’ ಎಂಬ ಸಾಲು ಬರೆದಿದ್ದೆ. 5.10ರಲ್ಲಿ ತೊಂದರೆಯಿಲ್ಲ. 6.1ರಲ್ಲಿ ಚಿಕ್ಕ ಕಡತಗಳನ್ನು ಡಾಟ್ ಕಾನ್ಫಿಗ್‌ಗೆ ಸೇರಿಸುವ ಮರ್ಜ್ ಸ್ಕ್ರಿಪ್ಟ್ ಓಡಿಸಿದಾಗ, ಕೇಳಿದ ಮೌಲ್ಯ ಅಂತಿಮ ಕಡತದಲ್ಲಿಲ್ಲ ಎಂಬ ಎಚ್ಚರಿಕೆ ಬಂದಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ, ಡೀಬಗ್ ಸಿಂಬಲ್‌ಗಳೇ (ಮೂಲ ಕೋಡ್‌ನ ಹೆಸರು, ಸಾಲುಗಳ ಗುರುತು) ಇಲ್ಲವೆಂದು ಡೀಬಗರ್ ಆದ ಜಿಡಿಬಿ ಕೈಚೆಲ್ಲಿದ ಮೇಲೆ! ಕರ್ನಲ್ ಆಯ್ಕೆಗಳನ್ನು ಪಟ್ಟಿಯಾಗಿ ತೋರಿಸುವ ಮೆನುಕಾನ್ಫಿಗ್‌ನಲ್ಲಿ ಓರೆಗೆರೆ ಒತ್ತಿ ಹುಡುಕಿದೆ. 5.18ರಿಂದ ಆ ಆಯ್ಕೆಯನ್ನು ನೇರವಾಗಿ ಆರಿಸಲು ಬರುವುದಿಲ್ಲವಂತೆ. ಡೀಬಗ್ ಮಾಹಿತಿ ಬರೆದಿಡುವ ಮಾದರಿಯಾದ ಡ್ವಾರ್ಫ್‌ನ ಯಾವುದಾದರೂ ಆವೃತ್ತಿ ಆರಿಸಿದರೆ ಅದು ಹಿಂದೆಯೇ ಬರುತ್ತದೆ.

‘ಕಾನ್ಫಿಗ್_ಡೀಬಗ್_ಇನ್ಫೋ_ಡ್ವಾರ್ಫ್4=ವೈ’ ಸೇರಿಸಿದೆ, ಕೆಲಸವಾಯಿತು. ಹಳೆಯ ಸಾಲನ್ನೂ ಉಳಿಸಿಕೊಂಡಿದ್ದೇನೆ, ಅದಿಲ್ಲದೆ 5.10 ಒಪ್ಪುವುದಿಲ್ಲ. ಆದರೆ ಹರಿದ ಅಂಗಿಗೆ ತೇಪೆ ಹಾಕಿದಂತೆ ಕಾಣುತ್ತಿದೆ. ನಾಳೆ ಬೇರೊಂದು ಆಯ್ಕೆ ಹೀಗೆಯೇ ಬದಲಾದರೆ ಮತ್ತೆ ಜಿಡಿಬಿಯೇ ಹೇಳಬೇಕು.

ಬಲ್ಲವರು ತಿಳಿಸಿ: ಎರಡೂ ಸಾಲುಗಳನ್ನು ಒಂದೇ ಕಡತದಲ್ಲಿ ಇಡುವುದು ಸರಿಯೇ, ಅಥವಾ ಆವೃತ್ತಿಗೊಂದು ಕಡತ ಮಾಡಬೇಕೇ? ಕೇಳಿದ ಆಯ್ಕೆ ಉದುರಿಹೋದರೆ ಬಿಲ್ಡ್ ಅಲ್ಲಿಯೇ ನಿಲ್ಲುವಂತೆ ಮಾಡುವುದು ಹೇಗೆ?