ಲಾಡಿಹುಳುವಿನ ತಲೆಯ ಹಿಡಿತದ ಅಂಗಗಳು: ಯಾವುದಕ್ಕೆ ಯಾವ ಹೆಸರು?

ಶಿರಸಿಯ ಉಪನ್ಯಾಸಕಿಯೊಬ್ಬರ ಪ್ರಶ್ನೆ: ಪದವಿ ತರಗತಿಗೆ ಪ್ರಾಣಿಶಾಸ್ತ್ರದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಲಾಡಿಹುಳುವಿನ ತಲೆ, ಅಂದರೆ ಸ್ಕೋಲೆಕ್ಸ್‌ನ ಮೇಲಿರುವ ಅಸೆಟಾಬ್ಯುಲಮ್, ಬೋಥ್ರಿಯಮ್, ಬೋಥ್ರಿಡಿಯಮ್ ಮೂರನ್ನೂ ನನ್ನ ಬಳಿಯಿರುವ ಹಳೆಯ ಟಿಪ್ಪಣಿಯೊಂದು ‘ಹೀರುಬಟ್ಟಲು’ ಎಂದೇ ಕರೆಯುತ್ತದೆ. ಹಾಗೆ ಬರೆಯಬಹುದೇ? ಹುಳುವನ್ನು ಕಣ್ಣಾರೆ ಕಂಡವರು ದಯವಿಟ್ಟು ತಿಳಿಸಿ.

ಕಾರವಾರದಿಂದ: ಮೇಡಂ, ಮೂರನ್ನೂ ಒಂದೇ ಹೆಸರಿಗೆ ಕಟ್ಟಬೇಡಿ. ನಾನು ಸ್ನಾತಕೋತ್ತರ ಓದುವಾಗ ಬೈತಖೋಲ ಬಂದರಿನಿಂದ ತೊರಕೆ ಮೀನಿನ ಕರುಳನ್ನು ಬೆಳಿಗ್ಗೆ ತಂದು, ಮಧ್ಯಾಹ್ನದವರೆಗೆ ಹಾಗೆಯೇ ಬಿಟ್ಟಿದ್ದೆ. ಅಷ್ಟರಲ್ಲಿ ಹುಳುಗಳು ಸತ್ತು ಮುದುಡಿದ್ದವು. ತಲೆಯ ಮೇಲಿನ ಅಂಗಗಳು ಬರಿಯ ಗುಣಿಗಳಂತೆ ಕಂಡವು, ನಾನು ಬೋಥ್ರಿಯಮ್ ಎಂದು ಚಿತ್ರ ಬರೆದೆ. ಮುಂದಿನ ವಾರ ಬಂದರಿನಲ್ಲಿಯೇ ಕರುಳನ್ನು ಸೀಳಿ, ಅದರ ಸುರುಳಿ ಮಡಿಕೆಗಳನ್ನು ಸಮುದ್ರದ ನೀರಿನಲ್ಲಿ ಬಿಡಿಸಿದಾಗ, ತಲೆಯಿಂದ ಹೊರಚಾಚಿದ ನಾಲ್ಕು ಎಲೆಗಳು ಒಂದೊಂದೂ ತನ್ನ ಪಾಡಿಗೆ ಹಿಗ್ಗುತ್ತ, ಕುಗ್ಗುತ್ತ, ಮಡಚಿಕೊಳ್ಳುತ್ತ ಇದ್ದವು. ಅದು ಬೋಥ್ರಿಡಿಯಮ್. ದಂಟಿನ ಮೇಲೆ ನಿಂತ ಕೆಸುವಿನ ಎಲೆಯನ್ನು ನೆನೆಸಿಕೊಂಡರೆ ನಮ್ಮ ಕಡೆಯ ಮಕ್ಕಳಿಗೆ ಅದರ ಆಕಾರ ಒಡನೆಯೇ ತಿಳಿಯುತ್ತದೆ, ಆದರೆ ಎಲ್ಲ ಜಾತಿಗಳಲ್ಲಿಯೂ ದಂಟು ಇರುವುದಿಲ್ಲ. ಅದಕ್ಕೆ ಬಲವಾದ ಸ್ನಾಯುಗಳಿದ್ದು, ಒಂದು ಪೊರೆ ಅದನ್ನು ತಲೆಯ ಒಳಗಿನ ಅಂಗಾಂಶದಿಂದ ಬೇರ್ಪಡಿಸುತ್ತದೆ.

ಬೋಥ್ರಿಯಮ್‌ಗೆ ಆ ಗಡಿಪೊರೆ ಇಲ್ಲ, ಸ್ನಾಯುವೂ ದುರ್ಬಲ. ಮನುಷ್ಯರಿಗೂ ಅಂಟುವ ಮೀನಿನ ಲಾಡಿಹುಳುವಿನಲ್ಲಿ ಅದು ತಲೆಯ ಬೆನ್ನು ಮತ್ತು ಹೊಟ್ಟೆಯ ಮಗ್ಗುಲಲ್ಲಿ ಒಂದೊಂದರಂತೆ ಇರುವ ಉದ್ದನೆಯ ಸೀಳು. ಗೋಧಿ ಕಾಳಿನ ನಡುಗೆರೆಯಂತೆ. ‘ಸೀಳುಗುಣಿ’ ಎಂದರೆ ಸಾಕು. ಗ್ರೀಕ್ ಭಾಷೆಯ ಮೂಲ ಪದಕ್ಕೂ ಗುಣಿ ಎಂದೇ ಅರ್ಥ.

‘ಹೀರುಬಟ್ಟಲು’ ನಿಜವಾಗಿ ಸಲ್ಲುವುದು ಅಸೆಟಾಬ್ಯುಲಮ್‌ಗೆ ಮಾತ್ರ. ಲ್ಯಾಟಿನ್‌ನಲ್ಲಿ ಅದು ವಿನೆಗರ್ ಬಡಿಸುವ ಪುಟ್ಟ ಬಟ್ಟಲಿನ ಹೆಸರು.

ಕುಮಟಾದಿಂದ: ಮೇಲಿನವರ ಮಾತು ಸರಿ. ಜೊತೆಗೆ ರೋಸ್ಟೆಲಮ್ ಎಂಬ ತುದಿಯ ಮೊನೆಯನ್ನು ಮರೆಯಬೇಡಿ. ಹಂದಿಯ ಲಾಡಿಹುಳುವಿನಲ್ಲಿ ನಾಲ್ಕು ಹೀರುಬಟ್ಟಲುಗಳ ನಡುವೆ ಅದರ ಮೇಲೆ 22ರಿಂದ 32 ಕೊಕ್ಕೆಗಳು ಎರಡು ಸಾಲಾಗಿ ಇರುತ್ತವೆ. ದನದ ಲಾಡಿಹುಳುವಿನಲ್ಲಿ ಬಟ್ಟಲುಗಳಿವೆ, ಕೊಕ್ಕೆಗಳಿಲ್ಲ. ನಾಯಿಯ ಲಾಡಿಹುಳು ಈ ಮೊನೆಯನ್ನು ಒಳಗೆಳೆದುಕೊಳ್ಳಬಲ್ಲದು. ನನ್ನ ವಿದ್ಯಾರ್ಥಿಯೊಬ್ಬ ಅಂಥ ಸ್ಲೈಡ್ ನೋಡಿ ‘ರೋಸ್ಟೆಲಮ್ ಇಲ್ಲ’ ಎಂದು ಬರೆದ ಮೇಲೆ, ಎರಡು ಸ್ಥಿತಿಗಳ ಚಿತ್ರವನ್ನೂ ಅಕ್ಕಪಕ್ಕ ಕೊಡುತ್ತಿದ್ದೇನೆ.

ಭಟ್ಕಳದಿಂದ: ಕೊಕ್ಕೆಗಳಿರುವ ನಾಲ್ಕು ಬಳ್ಳಿಗಳನ್ನು ತಲೆಯಿಂದ ಹೊರಚಾಚುವ ಟ್ರಿಪನೊರಿಂಕ ಗುಂಪಿನಲ್ಲಿ ಒಂದೇ ಅಂಗವನ್ನು ಕೆಲವರು ಬೋಥ್ರಿಯಮ್ ಎಂದೂ ಕೆಲವರು ಬೋಥ್ರಿಡಿಯಮ್ ಎಂದೂ ಬರೆದಿದ್ದಾರೆ. ಆದ್ದರಿಂದ ಕನ್ನಡ ಪದದ ಪಕ್ಕದಲ್ಲಿ ಮೂಲ ಪದವನ್ನೂ ಕನ್ನಡ ಲಿಪಿಯಲ್ಲಿ ಉಳಿಸಿ. ಮುಂದೆ ಬೇರೆ ಪುಸ್ತಕ ತೆರೆದಾಗ ಮಕ್ಕಳಿಗೆ ದಾರಿ ತಪ್ಪುವುದಿಲ್ಲ.