ರಾತ್ರಿ ಒಂದರವರೆಗೆ ಸ್ಪೀಕರ್ ಹಾಕುವುದೂ ಮೂಲಭೂತ ಹಕ್ಕಾ?

ಪ್ರಶ್ನೆ:
ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ ನಿನ್ನೆ ರಾತ್ರಿ ಒಂದಾದರೂ ಆರ್ಕೆಸ್ಟ್ರಾ ನಿಲ್ಲಲಿಲ್ಲ. ಅಮ್ಮನಿಗೆ ಬೈಪಾಸ್ ಆಗಿ ಇನ್ನೂ ತಿಂಗಳಾಗಿಲ್ಲ. ಬೇಸ್ ಹೊಡೆದಾಗಲೆಲ್ಲ ಕಿಟಕಿ ಗಾಜು ಅದುರುತ್ತಿತ್ತು, ಅಮ್ಮ ಎದೆ ಹಿಡಿದುಕೊಂಡು ಕೂತಿದ್ದರು. ಕೇಳಲು ಹೋದರೆ "ಇದು ನಮ್ಮ ಮೂಲಭೂತ ಹಕ್ಕು" ಅಂದರು ಹುಡುಗರು. ನಾನೂ ದೇವರನ್ನು ನಂಬುವವಳೇ. ಹಕ್ಕು ನಿಜವಾಗಿ ಅಲ್ಲಿಯವರೆಗೂ ಬರುತ್ತಾ?

ಉತ್ತರ 1:
ಇಲ್ಲ ಮೇಡಂ. ಧರ್ಮದ ಹಕ್ಕು ಕೊಡುವ ಸಂವಿಧಾನದ 25ನೇ ವಿಧಿಯೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟದ್ದು. 2005ರಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ಖಡಾಖಂಡಿತವಾಗಿ ಹೇಳಿದೆ: ಮಾತಾಡುವ ಹಕ್ಕು ಒಬ್ಬರಿಗಿದ್ದರೆ ಕೇಳದೇ ಇರುವ ಹಕ್ಕು ಇನ್ನೊಬ್ಬರಿಗಿದೆ, ಮಾತಿನ ಸ್ವಾತಂತ್ರ್ಯ ಕೊಡುವ 19ನೇ ವಿಧಿ ಹಿಡಿದು 21ನೇ ವಿಧಿಯ ನೆಮ್ಮದಿಯ ಬದುಕನ್ನು ಕಿತ್ತುಕೊಳ್ಳುವಂತಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬಕ್ಕೆಂದು ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ ಸಡಿಲಿಸಬಹುದು, ಅದೂ ಮಧ್ಯರಾತ್ರಿ 12ರವರೆಗೆ ಮಾತ್ರ. ಒಂದು ಗಂಟೆ ಅಂದರೆ ಯಾವ ಲೆಕ್ಕಕ್ಕೂ ಬರಲ್ಲ. ಇನ್ನೊಮ್ಮೆ ಹಾಗಾದರೆ 112ಕ್ಕೆ ಫೋನ್ ಮಾಡಿ.

ಉತ್ತರ 2:
ಒಪ್ಪುತ್ತೇನೆ. ಆದರೆ "ಹಕ್ಕಿಗೆ ಮಿತಿ ಇದೆ" ಅನ್ನುವ ಮಾತು ಅಧಿಕಾರದಲ್ಲಿರುವವರ ಬಾಯಲ್ಲಿ ಬಂದಾಗ ನನಗೆ ಭಯವಾಗುತ್ತೆ. ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ ಐಟಿ ಕಾಯ್ದೆಯ ಸೆಕ್ಷನ್ 66ಎ ಅಡಿಯಲ್ಲಿ ಜನರನ್ನು ಬಂಧಿಸುತ್ತಿದ್ದರಲ್ಲ, ಆ ಸೆಕ್ಷನ್ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಯಾವ ಕಾರಣಗಳಿಗೆ ಮಾತಿಗೆ ಮಿತಿ ಹಾಕಬಹುದು ಅಂತ ಹೇಳುವ 19(2)ನೇ ವಿಧಿಯ ಪಟ್ಟಿಯಲ್ಲಿ, ಯಾರಿಗೋ ಕಿರಿಕಿರಿಯಾಯಿತು ಅನ್ನುವುದು ಇಲ್ಲ. ಡೆಸಿಬಲ್ ಅಳೆಯಲಿ, ಹಾಡಿನಲ್ಲಿ ಏನಿದೆ ಅಂತ ಅಳೆಯುವುದು ಬೇಡ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಹಾಡಿನ ಬಗ್ಗೆ ನನ್ನ ತಕರಾರೇ ಇಲ್ಲ ಸರ್, ಹತ್ತಕ್ಕೆ ನಿಲ್ಲಿಸಿದರೆ ಸಾಕು. ಇವತ್ತು ಸಂಜೆಯೇ ಸಮಿತಿಯವರ ಹತ್ತಿರ ಮಾತಾಡುತ್ತೇನೆ.